ತೋಟದ ಪಾಲಿಗೆ ಯಾವ ಲಾಯರ್? ವಕೀಲರ ಬಗೆಗಳ ಮೇಲೆ ನನ್ನ ಟಿಪ್ಪಣಿ

ನಮ್ಮ ದೊಡ್ಡಪ್ಪನಿಂದಲೇ ಶುರು ಮಾಡುತ್ತೇನೆ. ಆಲೂರು ಕಡೆ ಅಜ್ಜನ ಕಾಲದ ಕಾಫಿ ತೋಟ ಇದೆ. ಅಜ್ಜ ತೀರಿಕೊಂಡ ಮೇಲೆ ಪಹಣಿ ಚಿಕ್ಕಪ್ಪ ಒಬ್ಬರ ಹೆಸರಿಗೇ ಆಯಿತು. ದೊಡ್ಡಪ್ಪ ಪರಿಚಯದ ವಕೀಲರೊಬ್ಬರನ್ನು ಹಿಡಿದು ಎಸಿ (ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ) ಕೋರ್ಟಿಗೆ ಮೇಲ್ಮನವಿ ಹಾಕಿಸಿದರು. ಮೆಣಸು ಮಾರಿದ ದುಡ್ಡೆಲ್ಲ ವಾಯಿದೆ ವಾಯಿದೆ ಅಂತ ಖರ್ಚಾಗಿ, ಮೂರು ವರ್ಷ ಅಲೆದ ಮೇಲೆ ಆದೇಶ ಬಂತು: ಹಕ್ಕಿನ ತಕರಾರಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ.

ಕರ್ನಾಟಕ ಭೂ ಕಂದಾಯ ಕಾಯ್ದೆ, 1964. ಅದರ 136ನೇ ಕಲಂ ಓದಿದಾಗಲೇ ನನಗೆ ಇದು ಅರ್ಥವಾಗಿದ್ದು. ಪಹಣಿಯಲ್ಲಿ ಹೆಸರು ಕೂರಿಸಿದ್ದು ಸರಿಯೋ ತಪ್ಪೋ ಅಂತ ಎಸಿ ನೋಡುತ್ತಾರೆ, ಅದರ ಮೇಲೆ ಡಿಸಿ. ಯಾರಿಗೆ ಎಷ್ಟು ಪಾಲು ಅನ್ನುವುದು ಅವರ ಕೆಲಸವಲ್ಲ, ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆಯನ್ನೇ, ಅಂದರೆ ಪಾಲು ಮಾಡಿಕೊಡಿ ಅನ್ನುವ ಕೇಸನ್ನೇ ಹಾಕಬೇಕು. ಹಾಗಾಗಿ ವಕೀಲರನ್ನು ಹುಡುಕುವ ಮುಂಚೆ ನಮ್ಮ ಕಾಗದ ಯಾವ ಬಾಗಿಲಿಗೆ ಹೋಗಬೇಕು ಅಂತ ನೋಡಿ. ಆಮೇಲೆ ದಿನಾ ಆ ಬಾಗಿಲಲ್ಲಿ ನಿಲ್ಲುವವರು ಯಾರು ಅಂತ ಕೇಳಿ.

ಕೇಳಲೇಬೇಕು, ಯಾಕೆಂದರೆ ಬೋರ್ಡು ನೋಡಿದರೆ ಗೊತ್ತಾಗುವುದಿಲ್ಲ. ತಾನು ಇಂಥ ಕೇಸಿನಲ್ಲಿ ಪಳಗಿದವನು ಅಂತ ವಕೀಲರು ನಾಮಫಲಕದಲ್ಲಿ ಬರೆಯುವ ಹಾಗಿಲ್ಲ. ಸಿವಿಲ್, ಕ್ರಿಮಿನಲ್ ಅನ್ನುವುದೆಲ್ಲ ನಾವು ಜನ ಮಾಡಿಕೊಂಡ ವಿಂಗಡಣೆ. 1961ರ ವಕೀಲರ ಕಾಯ್ದೆಯಲ್ಲಿ ಇರುವುದು ಎರಡೇ ಬಗೆ, ಹಿರಿಯ ವಕೀಲರು ಮತ್ತು ಉಳಿದವರು (16ನೇ ಕಲಂ). ಇಲ್ಲಿ 'ಹಿರಿಯ' ಅಂದರೆ ತಲೆ ನರೆತವರು ಅಂತಲ್ಲ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಕೊಡುವ ಸ್ಥಾನ ಅದು. ಅವರು ವಕಾಲತ್ತು (ಕಕ್ಷಿದಾರರ ಪರ ನಡೆಸಲು ಕೋರ್ಟಿಗೆ ಕೊಡುವ ಅಧಿಕಾರಪತ್ರ) ಹಾಕುವುದಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವುದೂ ಇಲ್ಲ, ಇನ್ನೊಬ್ಬ ವಕೀಲರ ಮೂಲಕವೇ ಹೋಗಬೇಕು. ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕುವುದಕ್ಕೆ ಅಡ್ವೊಕೇಟ್ ಆನ್ ರೆಕಾರ್ಡ್ ಅಂತ ಬೇರೆಯೇ ಇದ್ದಾರೆ, ಅದಕ್ಕೆ ಅವರು ಪರೀಕ್ಷೆ ಪಾಸಾಗಿರಬೇಕು. ಪಾಲಿನ ಕೇಸಿಗೆ ಸದ್ಯಕ್ಕೆ ಇವರಿಬ್ಬರೂ ಬೇಡ ಬಿಡಿ.

ಪೊಲೀಸ್ ಕೇಸಾದರೆ ದೂರು ಕೊಟ್ಟವರ ಕಡೆ ಸರ್ಕಾರವೇ ನಡೆಸುತ್ತದೆ: ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು), ಸೆಷನ್ಸ್‌ನಲ್ಲಿ ಪಿಪಿ (ಸರ್ಕಾರಿ ಅಭಿಯೋಜಕರು). ಆರೋಪಿ ತನ್ನ ವಕೀಲರನ್ನು ತಾನೇ ನೋಡಿಕೊಳ್ಳಬೇಕು. ಗ್ರಾಹಕರ ಆಯೋಗದಲ್ಲಂತೂ ನಮ್ಮ ವಾದ ನಾವೇ ಮಾಡಬಹುದು.

ಫೀಸಿಗೆ ದುಡ್ಡಿಲ್ಲ ಅನ್ನುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. 12ನೇ ಕಲಂನಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಎಲ್ಲ ಬರುತ್ತಾರೆ, ಇವರಿಗೆ ಆದಾಯದ ಮಿತಿ ಇಲ್ಲ. ನಮ್ಮ ಅತ್ತೆಯಂದಿರೂ ಪಾಲು ಕೇಳುವವರೇ ಅಲ್ವಾ, ಅವರಿಗೆ ವಕೀಲರು ಉಚಿತವಾಗಿ ಸಿಗುತ್ತಿದ್ದರು. ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು, ಇಲ್ಲ ಸುಮ್ನೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

ಕೊನೆಗೆ ವಕೀಲರನ್ನು ಬದಲಾಯಿಸುವ ವಿಷಯ. ಮೊದಲಿನವರು ವಕಾಲತ್ತಿನ ಮೇಲೆ ಒಪ್ಪಿಗೆ ಬರೆದುಕೊಡುತ್ತಾರೆ, ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ದೊಡ್ಡಪ್ಪನ ವಕೀಲರು ಹಾಗೆ ಫೈಲು ಹಿಡಿದಿಟ್ಟಾಗ ನಾನಿನ್ನೂ ಪಿಯುಸಿಯಲ್ಲಿದ್ದೆ, ಇದೆಲ್ಲ ಎಲ್ಲಿ ಗೊತ್ತು. ದೊಡ್ಡಪ್ಪ ಆ ವರ್ಷ ಒಣಗಿಸುವವರೆಗೂ ಕಾಯದೆ ಕಾಫಿ ಹಣ್ಣನ್ನು ಹಸಿಯಾಗಿಯೇ ಮಾರಿ, ಬಾಕಿ ಕಟ್ಟಿ, ಕೆಂಪು ಟೇಪು ಸುತ್ತಿದ ಫೈಲನ್ನು ಚೀಲದಲ್ಲಿ ಹಾಕಿಕೊಂಡು ಬಂದರು.