ಮೀನು ಬರೆದ ಲೋಟದಲ್ಲಿ ಚಾಕೊಲೇಟ್

ನನ್ನ ಮಣ್ಣಿನ ಕೆಲಸದ ತರಗತಿಯಲ್ಲಿ ಮಾಯಾ ಜನರ ಲೋಟದ ಫೋಟೊ ತೋರಿಸಿದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: "ಇದಕ್ಕೆ ಯಾವ ಗ್ಲೇಜ್ ಹಾಕಿದ್ದಾರೆ?"

ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಇಲ್ಲವೇ ಇಲ್ಲ. ತಿಗರಿಯೂ ಇರಲಿಲ್ಲ. ಗ್ವಾಟೆಮಾಲಾ, ಬೆಲೀಜ್, ದಕ್ಷಿಣ ಮೆಕ್ಸಿಕೊಗಳಲ್ಲಿ ಕ್ರಿ.ಶ. 250ರಿಂದ 900ರವರೆಗೆ ಇಂಥ ಪಾತ್ರೆ ಮಾಡಿದವರು ಮಣ್ಣನ್ನು ಕೈಯಲ್ಲೇ ಎತ್ತಿ ನಿಲ್ಲಿಸಿದರು. ಬಣ್ಣದ ಮಣ್ಣನ್ನು ನೀರಲ್ಲಿ ಕದಡಿ, ಆ ನುಣ್ಣನೆಯ ತಿಳಿಯಿಂದಲೇ ಚಿತ್ರ ಬರೆದರು. ಹೊಳಪು ಬಂದದ್ದು ಉಜ್ಜಿ ಉಜ್ಜಿ. ನಾನೂ ಮಾಡಿ ನೋಡಿದ್ದೇನೆ. ಹಸಿ ಇರುವಾಗ ಕಲ್ಲು ಆಡಿಸಿದರೆ ಬಣ್ಣ ಕಿತ್ತು ಬರುತ್ತದೆ, ಜಾಸ್ತಿ ಒಣಗಿದರೆ ಹೊಳಪೇ ಏಳುವುದಿಲ್ಲ. ನಡುವೆ ಸಿಗುವ ಸಮಯ ತೀರಾ ಕಡಿಮೆ.

ಮಾಯಾ ಭಾಷೆಯಲ್ಲಿ 'ತ್ಸಿಬ್' ಎಂದರೆ ಬರವಣಿಗೆಯೂ ಹೌದು, ಚಿತ್ರವೂ ಹೌದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಅಲ್ವಾ? ಈ ಪಾತ್ರೆಗಳನ್ನು ನೋಡುವಾಗ ಆ ಒಂದು ಮಾತು ನೆನಪಿರಲಿ. ಅಕ್ಷರ ಬೇರೆ, ಅಲಂಕಾರ ಬೇರೆ ಎಂದು ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ.

ಲೋಟದ ಬಾಯಿಯ ಸುತ್ತ ಒಂದು ಸಾಲು ಚಿಕ್ಕ ಚಿಕ್ಕ ಚಿತ್ರಗಳಿರುತ್ತವೆ. ಸುಮ್ನೆ ಅಂಚಿನ ಅಲಂಕಾರ ಅನ್ನಿಸುತ್ತದೆ. ಅದು ವಾಕ್ಯ. ಇದು ಇಂಥವರ ಲೋಟ, ಇಂಥದ್ದು ಕುಡಿಯಲು ಎಂಬ ಅರ್ಥದ್ದು. ಅದರಲ್ಲಿ ಒಂದು ಮೀನು ಕಂಡರೆ ಗಮನಿಸಿ. ಮೀನಿನ ಗುರುತಿಗೆ 'ಕ' ಎಂಬ ಉಚ್ಚಾರ. ಪಕ್ಕದಲ್ಲಿ ಎರಡು ಚುಕ್ಕಿ ಇದ್ದರೆ ಅದನ್ನು ಎರಡು ಸಲ ಓದಬೇಕು. ಕೊನೆಗೆ 'ವ' ಸೇರಿದರೆ 'ಕಕವ್', ಅಂದರೆ ಕೋಕೋ. ಮೀನಿಗೂ ಕುಡಿಯುವ ಚಾಕೊಲೇಟಿಗೂ ಬೇರೇನೂ ಸಂಬಂಧವಿಲ್ಲ, ಬರೀ ಉಚ್ಚಾರದ್ದು. 1984ರಲ್ಲಿ ಗ್ವಾಟೆಮಾಲಾದ ರಿಯೊ ಅಸುಲ್‌ನ ಸಮಾಧಿಯೊಂದರಲ್ಲಿ ತಿರುಗಿಸಿ ಮುಚ್ಚುವ ಮುಚ್ಚಳದ ಪಾತ್ರೆ ಸಿಕ್ಕಿತು. ಮೇಲೆ ಕಕವ್ ಎಂದು ಬರೆದಿತ್ತು. ಒಳಗೆ ಅಂಟಿದ್ದನ್ನು ಹರ್ಶೀಸ್ ಕಂಪನಿಯ ಪ್ರಯೋಗಾಲಯ ಪರೀಕ್ಷಿಸಿತು. ಕೋಕೋನೇ!

ನನಗೆ ಬಹಳ ಇಷ್ಟವಾದದ್ದು ಬಾಸ್ಟನ್‌ನ ಲಲಿತಕಲಾ ಸಂಗ್ರಹಾಲಯದಲ್ಲಿರುವ ಒಂದು ತಟ್ಟೆ. ತೆಳು ಬಣ್ಣದ ಮೇಲೆ ಕಪ್ಪು ಗೆರೆ. ಆಮೆಯ ಚಿಪ್ಪು ಬಿರಿದಿದೆ. ಬಿರುಕಿನಿಂದ ಮೆಕ್ಕೆಜೋಳದ ದೇವರು ಎದ್ದು ಬರುತ್ತಿದ್ದಾನೆ. ಅವನ ಇಬ್ಬರು ಗಂಡುಮಕ್ಕಳು ಅಕ್ಕಪಕ್ಕ ನಿಂತಿದ್ದಾರೆ. ಆಮೆ ಎಂದರೆ ಭೂಮಿ. ಬಿತ್ತಿದ ಮೆಕ್ಕೆಜೋಳ ನೆಲ ಸೀಳಿಕೊಂಡು ಮೊಳೆಯುವುದೇ ಇಲ್ಲಿ ಸತ್ತ ತಂದೆ ಮತ್ತೆ ಹುಟ್ಟುವ ಕಥೆ. ಇಂಥ ತಟ್ಟೆಗಳಲ್ಲಿ ಬಡಿಸುತ್ತಿದ್ದುದು ಜೋಳದ ಹಿಟ್ಟಿನ ಕಡುಬು. ಕಡುಬು ಖಾಲಿಯಾದಂತೆ ತಳದಿಂದ ಜೋಳದ ದೇವರು ಕಾಣಿಸಿಕೊಳ್ಳುತ್ತಾನೆ! ಬರೆದವನಿಗೆ ಇದು ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಆದರೆ ರಿಯೊ ಅಸುಲ್ ಪಾತ್ರೆಯ ಹಾಗೆ ಈ ತಟ್ಟೆ ಉತ್ಖನನದಲ್ಲಿ ಸಿಕ್ಕಿದ್ದಲ್ಲ. ಇಂಥ ಎಷ್ಟೋ ಪಾತ್ರೆಗಳನ್ನು ಕಳ್ಳರು ಸಮಾಧಿ ಅಗೆದು, ತೊಳೆದು ಮಾರಿದ್ದಾರೆ. ತಳಕ್ಕೆ ಅಂಟಿದ್ದೂ ನೀರಿನ ಜೊತೆ ಹೋಯಿತು, ಯಾರ ತಲೆದೆಸೆಯಲ್ಲಿ ಇಟ್ಟಿದ್ದರು ಎಂಬುದೂ ಹೋಯಿತು.