ಖೋಟಾ ಎಂದು ತಿಳಿದೇ ಕೊಳ್ಳುವ ಚಿನ್ನದ ನಾಣ್ಯ

1907ರಲ್ಲಿ ಅಮೆರಿಕ ಹೊರತಂದ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯವೊಂದಿದೆ. ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸ್ ರೂಪಿಸಿದ ಅದರ ಚಿತ್ರ ಎಷ್ಟು ಉಬ್ಬಿತ್ತೆಂದರೆ ಒಂದೇ ಏಟಿಗೆ ಪೂರ್ತಿ ಮೂಡುತ್ತಿರಲಿಲ್ಲ. ಒಂದೊಂದು ನಾಣ್ಯವನ್ನೂ ಮತ್ತೆ ಮತ್ತೆ ಒತ್ತಬೇಕಾಗುತ್ತಿತ್ತು. ಸುಮಾರು 12 ಸಾವಿರ ನಾಣ್ಯ ಟಂಕಿಸಿದ ಮೇಲೆ ಉಬ್ಬನ್ನು ತಗ್ಗಿಸಿಬಿಟ್ಟರು. ಹಾಗಾಗಿ ಆ ಮೊದಲ ಕಂತಿನ ಒಂದು ಒಳ್ಳೆಯ ನಾಣ್ಯಕ್ಕೆ ಇಂದು ಹತ್ತು ಸಾವಿರ ಡಾಲರಿಗೂ ಮೀರಿದ ಬೆಲೆ.

ಇದೇ ನಾಣ್ಯದ ಹಿಂಬದಿಯಲ್ಲಿ ಹಾರುವ ಹದ್ದಿದೆ. ಕೆಲವು ನಾಣ್ಯಗಳಲ್ಲಿ ಆ ಹದ್ದಿನ ಉಗುರಿನ ಒಳಗೆ ಲೆನ್ಸ್ ಹಿಡಿದು ನೋಡಿದರೆ ಒಂದು ಪುಟ್ಟ ಗ್ರೀಕ್ ಅಕ್ಷರ ಕಾಣುತ್ತದೆ: ಒಮೇಗಾ. ಅಮೆರಿಕದ ಟಂಕಸಾಲೆ ಅದನ್ನು ಹಾಕಿರಲಿಲ್ಲ. ಅದು ಖೋಟಾ ಮಾಡಿದವನ ಗುರುತು. 1970ರ ದಶಕದ ಆರಂಭದಲ್ಲಿ ಸಂಗ್ರಾಹಕರ ನಡುವೆ ಸುದ್ದಿಯಾದ ಈ ನಾಣ್ಯಗಳ ಕೆಲಸ ಬಹಳ ನಾಜೂಕು, ಮಾಡಿದವನ ಹೆಸರು ಮಾತ್ರ ಇಂದಿಗೂ ಬಯಲಾಗಿಲ್ಲ. ಈಗ ಒಮೇಗಾ ನಾಣ್ಯವನ್ನು ಖೋಟಾ ಎಂದು ಗೊತ್ತಿದ್ದೇ ಹುಡುಕಿ ಕೊಳ್ಳುವವರಿದ್ದಾರೆ. ಕೊಳ್ಳಬಹುದೇ?

ಉತ್ತರಕ್ಕೆ ಮೊದಲು, ಇಂಥ ಖೋಟಾ ಸಿಕ್ಕಿಬೀಳುವುದು ಹೇಗೆಂದು ನೋಡಬೇಕು. ಚಿನ್ನವನ್ನು ಪರೀಕ್ಷಿಸುವ ನಮ್ಮ ಮಾಮೂಲಿ ದಾರಿಗಳೆಲ್ಲ ಇಲ್ಲಿ ಸೋಲುತ್ತವೆ. ಒರೆಗಲ್ಲಿಗೆ ಉಜ್ಜಿದರೆ ಚಿನ್ನವೇ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆದರೆ, ನೂರಕ್ಕೆ 90 ಭಾಗ ಚಿನ್ನ, 10 ಭಾಗ ತಾಮ್ರದ ಮಿಶ್ರಣಕ್ಕೆ ಬರಬೇಕಾದ, ನೀರಿನ 17 ಪಟ್ಟಿಗೆ ಸ್ವಲ್ಪ ಮೇಲಿನ ಅಂಕಿಯೇ ಬರುತ್ತದೆ. ಎಕ್ಸ್-ರೇ ಯಂತ್ರಕ್ಕೂ ತಪ್ಪು ಸಿಗುವುದಿಲ್ಲ. ಏಕೆಂದರೆ ಲೋಹದಲ್ಲಿ ಮೋಸವೇ ಇಲ್ಲ. ಸುಮಾರು 33.4 ಗ್ರಾಂ ತೂಗುವ ಈ ನಾಣ್ಯದಲ್ಲಿ 30 ಗ್ರಾಂ ಶುದ್ಧ ಚಿನ್ನವಿದೆ. ಖೋಟಾದವನು ಕದ್ದದ್ದು ಚಿನ್ನದ ಬೆಲೆಗೂ ಅಪರೂಪದ ನಾಣ್ಯದ ಬೆಲೆಗೂ ನಡುವಿನ ಅಂತರವನ್ನು.

ಅವನನ್ನು ಹಿಡಿದುಕೊಡುವುದು ಅಚ್ಚು. ಖೋಟಾ ಅಚ್ಚು ಮಾಡಲು ಸಾಮಾನ್ಯವಾಗಿ ಒಂದು ಅಸಲಿ ನಾಣ್ಯವನ್ನೇ ಮಾದರಿಯಾಗಿ ಬಳಸುತ್ತಾರೆ. ಚೀಲದಲ್ಲಿ ಬೇರೆ ನಾಣ್ಯಗಳಿಗೆ ತಾಗಿ ಆ ಮಾದರಿಯ ಮೈಮೇಲೆ ಎಲ್ಲೋ ಒಂದು ಸಣ್ಣ ತಗ್ಗು ಬಿದ್ದಿರುತ್ತದೆ. ಅಚ್ಚಿಗೆ ಇಳಿದಾಗ ಅದು ಉಬ್ಬಾಗುತ್ತದೆ, ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಮತ್ತೆ ತಗ್ಗಾಗುತ್ತದೆ. ಅಸಲಿ ನಾಣ್ಯಗಳಲ್ಲಿ ಒಂದೊಂದಕ್ಕೆ ಒಂದೊಂದು ಕಡೆ ಪೆಟ್ಟು. ಖೋಟಾಗಳಲ್ಲಿ ಎಲ್ಲಕ್ಕೂ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ. ಇನ್ನೂ ಸೂಕ್ಷ್ಮವಾದ ವ್ಯತ್ಯಾಸ ಹೊಳಪಿನದು. ನಿಜವಾಗಿ ಪೆಟ್ಟು ಬಿದ್ದ ಕಡೆ ನಾಣ್ಯದ ಹೊಳಪು ಮುರಿದಿರುತ್ತದೆ, ಅಂಚು ಚೂಪಾಗಿರುತ್ತದೆ. ಅಚ್ಚಿನಿಂದಲೇ ಬಂದ ತಗ್ಗಿನ ಅಂಚು ಮೆತ್ತಗೆ, ಮತ್ತು ಅದರ ತಳದಲ್ಲೂ ಸುತ್ತಲಿನದೇ ಹೊಳಪು ಹರಿದಿರುತ್ತದೆ. ಇದು ಒಮ್ಮೆ ಕಣ್ಣಿಗೆ ಹತ್ತಿದರೆ ಮರೆಯುವಂಥದಲ್ಲ.

ಒಂದು ಖೋಟಾ ನಾಣ್ಯವನ್ನು ಕೈಯಲ್ಲಿಟ್ಟುಕೊಂಡು, ಪಕ್ಕದಲ್ಲಿ ಅಸಲಿಯನ್ನಿಟ್ಟು, ಬೆಳಕನ್ನು ಓರೆಯಾಗಿ ಬಿಟ್ಟು ತಿರುಗಿಸಿ ನೋಡದೆ ಈ ಹೊಳಪಿನ ಪಾಠ ಬರುವುದಿಲ್ಲ. ಫೋಟೋಗಳಿಂದ ಅರ್ಧವಷ್ಟೇ ತಿಳಿಯುತ್ತದೆ. ಖೋಟಾ ನಾಣ್ಯಕ್ಕೂ ಸಂಗ್ರಹದಲ್ಲಿ ಜಾಗ ಉಂಟು ಎಂದು ನಾನು ಹೇಳುವುದು ಮೊದಲಿಗೆ ಇದಕ್ಕೇ.

ನಮ್ಮ ಮನೆಗಳಿಗೂ ಈ ವಿಷಯ ದೂರದ್ದಲ್ಲ. 22 ಕ್ಯಾರೆಟ್ಟಿನ, 7.98 ಗ್ರಾಂ ತೂಕದ ಬ್ರಿಟಿಷ್ ಸವರನ್ ಇಲ್ಲಿ ಓಡಾಡಿದ ನಾಣ್ಯ. 1918ರಲ್ಲಿ ಮುಂಬಯಿಯಲ್ಲೂ ಟಂಕಿಸಿದ್ದರು. ಎರಡನೇ ಮಹಾಯುದ್ಧದ ನಂತರ ಇದೇ ಸವರನ್ನಿನ ಖೋಟಾಗಳು ಇಟಲಿ, ಲೆಬನಾನ್ ಕಡೆಯಿಂದ ಹೊರಬಂದವು, ಅವುಗಳಲ್ಲಿ ಎಷ್ಟೋ ಒಳ್ಳೆಯ ಚಿನ್ನದವೇ. ಕರಗಿಸುವ ಅಕ್ಕಸಾಲಿಗರಿಗೆ ಅಂಥದ್ದು ಅಸಲಿಯಾದರೂ ಖೋಟಾ ಆದರೂ ಒಂದೇ. ಅಪರೂಪದ ಇಸವಿ ಎಂದು ಹೆಚ್ಚು ದುಡ್ಡು ಕೊಟ್ಟವರಿಗೆ ಮಾತ್ರ ನಷ್ಟ.

ಹಳೆಯ ಖೋಟಾಗಾರರಲ್ಲಿ ಹೆಸರು ಮಾಡಿದವನು ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830). ಗ್ರೀಕ್, ರೋಮನ್ ನಾಣ್ಯಗಳ ಅಚ್ಚುಗಳನ್ನು ಕೈಯಾರೆ ಕೊರೆದು, ಹೊಸ ನಾಣ್ಯಕ್ಕೆ ಹಳತನ ಬರಲೆಂದು ಕಬ್ಬಿಣದ ಪುಡಿಯ ಜೊತೆ ಡಬ್ಬಿಗೆ ಹಾಕಿ ಕುದುರೆಗಾಡಿಗೆ ಕಟ್ಟಿ ಓಡಿಸುತ್ತಿದ್ದನಂತೆ. ಅವನ ಅಚ್ಚುಗಳು ಬರ್ಲಿನ್ನಿನ ನಾಣ್ಯ ಸಂಗ್ರಹದಲ್ಲಿ ಉಳಿದಿವೆ, ಅವು ಉಳಿದದ್ದರಿಂದಲೇ ಬೆಕರನ ಕೈಕೆಲಸವನ್ನು ಇಂದು ಬೇರ್ಪಡಿಸಲು ಸಾಧ್ಯವಾಗಿದೆ.

ಖೋಟಾ ಎಂಬ ತೀರ್ಪೇ ಮರುವಿಚಾರಣೆಗೆ ಬರುವುದೂ ಉಂಟು. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಸಿಕ್ಕ ಕೆಲವು ಚಿನ್ನದ ನಾಣ್ಯಗಳ ಮೇಲೆ ಸ್ಪಾನ್ಸಿಯನ್ ಎಂಬ ಹೆಸರಿತ್ತು. ಇತಿಹಾಸದಲ್ಲಿ ಎಲ್ಲೂ ಇಲ್ಲದ ರೋಮನ್ ದೊರೆ! 19ನೇ ಶತಮಾನದ ಪಂಡಿತರು ಇವು ಖೋಟಾ ಎಂದು ತಳ್ಳಿಹಾಕಿದರು. ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಂ ತನ್ನಲ್ಲಿದ್ದದ್ದನ್ನು ಎಸೆಯಲಿಲ್ಲ, ಕರಗಿಸಲೂ ಇಲ್ಲ. 2022ರಲ್ಲಿ ಭೂವಿಜ್ಞಾನಿ ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಬಳಕೆಯಲ್ಲಿ ಸವೆದಾಗ ಆಗುವಂಥ ಗೀರುಗಳೂ ಮಣ್ಣಿನಲ್ಲಿ ಹೂತಿದ್ದುದರ ಕುರುಹುಗಳೂ ಕಂಡವು. ಇದು ಅಸಲಿಯೇ ಇರಬಹುದು ಎಂದು ಅವರು ಬರೆದರು. ಒಪ್ಪದ ನಾಣ್ಯತಜ್ಞರೂ ಇದ್ದಾರೆ. ಆದರೆ ಈ ವಾದ ನಡೆಯಲಿಕ್ಕಾದರೂ ನಾಣ್ಯ ಉಳಿದಿರಬೇಕಿತ್ತಲ್ಲ.

ಆದ್ದರಿಂದ ಕೊಳ್ಳಬಹುದು ಎಂಬುದೇ ನನ್ನ ಉತ್ತರ, ಆದರೆ ಹೊಸಬರಿಗಲ್ಲ. ಮಾರುವವರು ರಸೀದಿಯಲ್ಲೇ ಖೋಟಾ ಎಂದು ಬರೆದುಕೊಡಬೇಕು. ಹಿಂಜರಿದರೆ ವ್ಯವಹಾರವೇ ಬೇಡ. ಆಯಾ ದೇಶದ ಕಾನೂನನ್ನೂ ನೋಡಿಕೊಳ್ಳಬೇಕು. ಅಮೆರಿಕದಲ್ಲಿ 1973ರ ಕಾಯ್ದೆಯ ಪ್ರಕಾರ, ತಯಾರಿಸಿದ ನಕಲು ನಾಣ್ಯದ ಮೇಲೆ ನಕಲು ಎಂದು ಅಚ್ಚೊತ್ತಿರಲೇಬೇಕು. ಇನ್ನು ಬೆಲೆ: ಅದರಲ್ಲಿರುವ ಚಿನ್ನದ ಬೆಲೆಗಿಂತ ತುಸು ಮೇಲೆ ಹೋದರೆ ಸಾಕು. ಖೋಟಾದ ಖ್ಯಾತಿಗೆ ನಾವು ದೊಡ್ಡ ಮೊತ್ತ ಕೊಡುತ್ತಾ ಹೋದರೆ ಖ್ಯಾತ ಖೋಟಾಗಳ ಖೋಟಾ ಮಾಡುವವರೂ ಹುಟ್ಟಿಕೊಳ್ಳುತ್ತಾರೆ.

ನನಗೆ ನಿಜವಾದ ಭಯ ಇರುವುದು ಕೊಂಡವರು ತೀರಿಕೊಂಡ ನಂತರದ ದಿನಗಳ ಬಗ್ಗೆ. ರಸೀದಿ ಕಳೆದು, ನಾಣ್ಯ ಮಾತ್ರ ಮಕ್ಕಳ ಕೈಗೆ ಬಂದರೆ ಅವರು ಅದನ್ನು ಅಸಲಿ ಎಂದೇ ನಂಬಿ ಮಾರುತ್ತಾರೆ, ಮೋಸ ಮತ್ತೊಂದು ಸುತ್ತು ಶುರುವಾಗುತ್ತದೆ. ತೂಕ, ಅಳತೆ, ಒಮೇಗಾ ಇರುವ ಜಾಗದ ದೊಡ್ಡ ಫೋಟೋ, ಖೋಟಾ ಎಂಬ ಸ್ಪಷ್ಟ ಬರಹ, ಇಷ್ಟನ್ನೂ ನಾಣ್ಯದ ಕವಚದೊಳಗೇ ಇಟ್ಟು, ಇನ್ನೊಂದು ಪ್ರತಿಯನ್ನು ಮನೆಯವರ ಕೈಗೆ ಕೊಡಿ.