ಆಸಿಡ್ ಫಾಸ್ಫಟೇಸ್ ಮತ್ತು ಬೆಳಗುವ ಪ್ರೋಬ್‌ಗಳು: ಫೊರೆನ್ಸಿಕ್ ಟಿಪ್ಪಣಿ

ಬಟ್ಟೆಯ ಮೇಲೆ ಒಣಗಿದ ವೀರ್ಯದ ಕಲೆ ಎಷ್ಟೋ ಸಲ ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಅದರಲ್ಲಿ ಪ್ರಾಸ್ಟೇಟ್ ಗ್ರಂಥಿಯಿಂದ ಬಂದ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ತುಂಬಾ ಜಾಸ್ತಿ ಇರುತ್ತದೆ. ಫಾಸ್ಫೇಟ್ ಗುಂಪನ್ನು ಕತ್ತರಿಸುವುದು ಅದರ ಕೆಲಸ. ಲ್ಯಾಬ್‌ನವರು ಹುಡುಕುವುದು ಆ ಕೆಲಸದ ಗುರುತನ್ನು.

ಹಳೆಯ ವಿಧಾನ ಬಣ್ಣದ್ದು. ಒದ್ದೆ ಫಿಲ್ಟರ್ ಪೇಪರನ್ನು ಬಟ್ಟೆಗೆ ಒತ್ತಿ ತೆಗೆಯುತ್ತಾರೆ. ಕಿಣ್ವ ನೀರಲ್ಲಿ ಕರಗಿ ಪೇಪರಿಗೆ ಹತ್ತುತ್ತದೆ. ರಾಸಾಯನಿಕ ಹಾಕುವುದು ಪೇಪರಿಗೇ ಹೊರತು ಬಟ್ಟೆಗಲ್ಲ, ಹಾಗಾಗಿ ಮೂಲ ಕಲೆ ಡಿಎನ್‌ಎ ಪರೀಕ್ಷೆಗೆ ಉಳಿಯುತ್ತದೆ. ಆಲ್ಫಾ ನ್ಯಾಫ್ಥೈಲ್ ಫಾಸ್ಫೇಟ್ ಮತ್ತು ಫಾಸ್ಟ್ ಬ್ಲೂ ಬಿ ಸೇರಿಸಿದಾಗ ಬೇಗ ನೇರಳೆ ಬಣ್ಣ ಬಂದರೆ ಪಾಸಿಟಿವ್.

ಬಣ್ಣದ ಬದಲು ಬೆಳಕು ಬೇಕೆಂದರೆ 4-ಮೀಥೈಲ್‌ಅಂಬೆಲಿಫೆರಿಲ್ ಫಾಸ್ಫೇಟ್, ಅಂದರೆ ಎಂಯುಪಿ, ಬಳಸುತ್ತಾರೆ. ಫಾಸ್ಫೇಟ್ ಅದಕ್ಕೆ ಮುಚ್ಚಳ ಇದ್ದ ಹಾಗೆ. ಅದು ಇರುವ ತನಕ ಅಣು ಹೆಚ್ಚುಕಡಿಮೆ ಕತ್ತಲೆ. ಕಿಣ್ವ ಮುಚ್ಚಳ ತೆಗೆದರೆ 4-ಮೀಥೈಲ್‌ಅಂಬೆಲಿಫೆರೋನ್ ಹೊರಬಂದು, ಯುವಿ ಲ್ಯಾಂಪಿನ ಕೆಳಗೆ ನೀಲಿಯಾಗಿ ಹೊಳೆಯುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ನಿಧಾನಕ್ಕೆ ಓದಿ. ಈ ಕಿಣ್ವಕ್ಕೆ ಹಿಡಿಸುವುದು ಪಿಎಚ್ 5ರ ಆಸುಪಾಸು. ಆದರೆ ಹೊರಬಂದ ಅಣು ಚೆನ್ನಾಗಿ ಬೆಳಗಬೇಕಾದರೆ ಅದರ ಫೀನಾಲ್ ಭಾಗ ಪ್ರೋಟಾನ್ ಬಿಟ್ಟುಕೊಡಬೇಕು. ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್, ಸುಮಾರು 7.8. ಆಮ್ಲೀಯ ದ್ರಾವಣದಲ್ಲಿ ಅದು ಪ್ರೋಟಾನ್ ಹಿಡಿದುಕೊಂಡೇ ಇರುತ್ತದೆ, 365 ನ್ಯಾನೋಮೀಟರ್ ಲ್ಯಾಂಪಿಗೆ ಮಂಕಾಗಿ ಕಾಣುತ್ತದೆ. ಅದಕ್ಕೇ ಟ್ಯೂಬಿನಲ್ಲಿ ಅಳೆಯುವಾಗ ಮೊದಲು ಕಿಣ್ವಕ್ಕೆ ಸಮಯ ಕೊಟ್ಟು, ಆಮೇಲೆ ಕ್ಷಾರ ಸೇರಿಸುತ್ತಾರೆ. ಕ್ಷಾರ ಬಿದ್ದ ಕೂಡಲೇ ಕಿಣ್ವದ ಕೆಲಸ ನಿಲ್ಲುತ್ತದೆ, ಬೆಳಕು ಏರುತ್ತದೆ. ಒಂದೇ ಏಟಿಗೆ ಎರಡೂ ಆಗುತ್ತದೆ. ನನಗೆ ಈ ಇಡೀ ಪಾಠದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಆದರೂ ಒಂದು ತೊಂದರೆ ಉಳಿಯುತ್ತದೆ. ಬಟ್ಟೆ ಸೋಪಿನ ಪುಡಿಯಲ್ಲಿರುವ, ಬಟ್ಟೆಯನ್ನು ಬೆಳ್ಳಗೆ ತೋರಿಸುವ ಹೊಳಪುಕಾರಕಗಳೂ ಯುವಿ ಕೆಳಗೆ ನೀಲಿಯಾಗಿಯೇ ಹೊಳೆಯುತ್ತವೆ. ಒಗೆದ ಬಿಳಿ ಬೆಡ್‌ಶೀಟ್ ಇಡಿಯಾಗಿ ಹೊಳೆಯುವಾಗ ಕಲೆ ಎಲ್ಲಿದೆ ಅಂತ ಹೇಳುವುದು?

ಲ್ಯಾಂಪೇ ಬೇಡದ ಪ್ರೋಬ್ (ಕಿಣ್ವ ಕೆಲಸ ಮಾಡಿದಾಗ ಬೆಳಗುವ ಅಣು) ಆದರೆ ಈ ಹಿನ್ನೆಲೆ ಬೆಳಕಿನ ಕಾಟ ಇರುವುದಿಲ್ಲ. ಡೈಆಕ್ಸಿಟೇನ್‌ಗಳು ಅಂಥವು. ನಾಲ್ಕು ಪರಮಾಣುಗಳ ಬಿಗಿದ ಉಂಗುರದಲ್ಲಿ ಶಕ್ತಿ ಮೊದಲೇ ತುಂಬಿರುತ್ತದೆ, ಪಕ್ಕದ ಅಡಮಾಂಟೇನ್ ಗುಂಪು ಉಂಗುರ ಒಡೆಯದಂತೆ ಕಾಯುತ್ತದೆ. ಕಿಣ್ವ ಫಾಸ್ಫೇಟ್ ತೆಗೆದು ಫೀನಾಲೇಟ್, ಅಂದರೆ ಪ್ರೋಟಾನ್ ಬಿಟ್ಟ ಫೀನಾಲ್, ಉಂಟಾದರೆ ಉಂಗುರ ಒಡೆದು ಬೆಳಕು ಚಿಮ್ಮುತ್ತದೆ. ಮೊದಲಿನ ಅಣುಗಳು ನೀರಿನಲ್ಲಿ ತೀರಾ ಮಂಕಾಗುತ್ತಿದ್ದವು. 2017ರಲ್ಲಿ ಟೆಲ್ ಅವಿವ್ ವಿಶ್ವವಿದ್ಯಾಲಯದ ಡೊರೊನ್ ಶಬಾತ್ ತಂಡ ಫೀನಾಲ್‌ನ ಪಕ್ಕದಲ್ಲೇ ಎಲೆಕ್ಟ್ರಾನ್ ಸೆಳೆಯುವ ಗುಂಪನ್ನು ಕೂರಿಸಿ, ನೀರಿನಲ್ಲಿ ಬೆಳಕನ್ನು ಸುಮಾರು 3000 ಪಟ್ಟಿನವರೆಗೂ ಹೆಚ್ಚಿಸಿತು. ಅಂಥ ಗುಂಪು ಪಿಕೆಎಯನ್ನೂ ಇಳಿಸುತ್ತದೆ, ಅಂದರೆ ಎಂಯುಪಿಯಲ್ಲಿ ನೋಡಿದ ಪ್ರೋಟಾನ್ ತಾಪತ್ರಯವೂ ಕಡಿಮೆಯಾಗುತ್ತದೆ.

ರಕ್ತದ ಕಲೆ ಹುಡುಕಲು ಬಳಸುವ ಲೂಮಿನಾಲ್ ಅನ್ನು ಇವುಗಳ ಜೊತೆ ಸೇರಿಸಬೇಡಿ. ಅದೂ ಲ್ಯಾಂಪಿಲ್ಲದೆ ಬೆಳಗುತ್ತದೆ ನಿಜ. ಆದರೆ ಅಲ್ಲಿ ಕತ್ತರಿಸುವ ಕಿಣ್ವ ಇಲ್ಲ, ರಕ್ತದ ಹೀಮ್‌ನಲ್ಲಿರುವ ಕಬ್ಬಿಣ ಆಕ್ಸಿಡೀಕರಣಕ್ಕೆ ವೇಗ ಕೊಡುತ್ತದೆ. ಬ್ಲೀಚ್ ಇದ್ದರೂ ಅದು ಬೆಳಗುತ್ತದೆ.

ಎಂಯುಪಿ ಹೊಳೆಯಿತು ಅಂದಮಾತ್ರಕ್ಕೆ ವರದಿಯಲ್ಲಿ 'ವೀರ್ಯ ಇದೆ' ಅಂತ ಬರೆಯುವ ಹಾಗಿಲ್ಲ. ಯೋನಿಸ್ರಾವದಲ್ಲೂ ಆಸಿಡ್ ಫಾಸ್ಫಟೇಸ್ ಸ್ವಲ್ಪ ಇರುತ್ತದೆ, ಅಲ್ವಾ? ಮುಂದೆ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ಹುಡುಕಬೇಕು. ವಾಸೆಕ್ಟಮಿ ಆದವರ ವೀರ್ಯದಲ್ಲಿ ಕಿಣ್ವ ಇದ್ದರೂ ವೀರ್ಯಾಣು ಸಿಗುವುದಿಲ್ಲ, ಅಲ್ಲಿ ಪಿಎಸ್‌ಎ ಎಂಬ, ಪ್ರಾಸ್ಟೇಟ್‌ನಿಂದಲೇ ಬರುವ ಪ್ರೋಟೀನಿನ ಪರೀಕ್ಷೆ ಮಾಡುತ್ತಾರೆ.